ವನಗೂರಿನ ಮಳೆ, ಗೋಡೆಯ ಬೂದು: ಮಲೆನಾಡಿನ ಮನೆಗೆ ತಂಪು ಬಣ್ಣ ಒಗ್ಗುವುದೆಷ್ಟು?

ವನಗೂರು (ಸಕಲೇಶಪುರ ತಾಲ್ಲೂಕು): ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮುನ್ನ ದೊರೆಯುವ ಬಿಸಿಲಿನ ದಿನಗಳು ಮಲೆನಾಡಿನಲ್ಲಿ ಮನೆಗೆ ಬಣ್ಣ ಬಳಿಸುವ ಕಾಲ. ಹಿಂದೆ ಈ ಕೆಲಸಕ್ಕೆ ಹೆಚ್ಚಿನ ಚರ್ಚೆಯ ಅಗತ್ಯವಿರಲಿಲ್ಲ. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಎಣ್ಣೆಬಣ್ಣ, ನೆಲದಂಚಿಗೆ ಒಂದು ಕೆಂಪು ಪಟ್ಟಿ, ಅಲ್ಲಿಗೆ ಮುಗಿಯುತ್ತಿತ್ತು. ಈಗ ಹಾಗಿಲ್ಲ. ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ನೆಲೆಸಿರುವ ಮಕ್ಕಳು ಮೊಬೈಲ್ ಫೋನಿನಲ್ಲಿ ಚಿತ್ರ ಕಳುಹಿಸುತ್ತಾರೆ. ಚಿತ್ರದಲ್ಲಿ ನೀಲಿಯ ಛಾಯೆ ಬೆರೆತ ತಿಳಿ ಬೂದು ಗೋಡೆ, ಬಿಳಿ ಸೋಫಾ, ಉದ್ದನೆಯ ಗಾಜಿನ ಕಿಟಕಿಯಿಂದ ಹರಿದುಬರುವ ಬಿಸಿಲು. ಊರಿನ ಮನೆಯ ನಡುಮನೆಗೂ ಅದೇ ಬಣ್ಣ ಬೇಕೆಂಬ ಸೂಚನೆ ಅದರೊಂದಿಗೆ ಬರುತ್ತದೆ. ಗೋಡೆಗೆ ಬಣ್ಣವೇನೋ ಬೀಳುತ್ತದೆ. ಆದರೆ ಕಿಟಕಿಯ ಬಿಸಿಲು ಚಿತ್ರದಲ್ಲಿಯೇ ಉಳಿಯುತ್ತದೆ.

ಈ ಮಾತಿಗೆ ಅರ್ಥ ಬರುವುದು ಜೂನ್ ತಿಂಗಳಲ್ಲಿ. ಸಕಲೇಶಪುರದಿಂದ ಹೆತ್ತೂರು, ವನಗೂರು ಮಾರ್ಗವಾಗಿ ಬಿಸಿಲೆ ಘಟ್ಟಕ್ಕೆ ಇಳಿಯುವ ರಸ್ತೆಯುದ್ದಕ್ಕೂ ನೈರುತ್ಯ ಮುಂಗಾರು ಸೆಪ್ಟೆಂಬರ್‌ವರೆಗೆ ಬಿಡುವು ಕೊಡದೆ ಸುರಿಯುತ್ತದೆ. ಘಟ್ಟದ ಹೆಸರಿನಲ್ಲಿಯಷ್ಟೇ ಬಿಸಿಲು! ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಈ ಗುಡ್ಡಸಾಲಿನಲ್ಲಿ ಮೋಡವು ಆಕಾಶದಲ್ಲಿರುವುದಕ್ಕಿಂತ ಅಂಗಳದಲ್ಲಿರುವುದೇ ಹೆಚ್ಚು. ಹೊರಗೆಲ್ಲ ಬೂದು ಕವಿದಿರುವಾಗ ಒಳಗಿನ ಗೋಡೆಯೂ ಬೂದಾಗಿದ್ದರೆ ಆ ಮನೆಯಲ್ಲಿ ಹಗಲು ಕಳೆಯಬೇಕಾದವರು ಯಾರು? ಚಿತ್ರ ಕಳುಹಿಸಿದವರಂತೂ ಅಲ್ಲ.

ಹಾಗೆಂದು ತಂಪು ಬೂದು ಬಣ್ಣವನ್ನೇ ದೂರುವುದು ನ್ಯಾಯವಲ್ಲ. ಅದರ ಗುಣವನ್ನರಿತು, ಮನೆಯ ಬೆಳಕನ್ನು ಅಳೆದು, ಗೋಡೆಯ ಸ್ವಭಾವವನ್ನು ತಿಳಿದು ಬಳಸಿದರೆ ಮಲೆನಾಡಿನ ಮನೆಗೂ ಅದು ಶೋಭಿಸಬಲ್ಲದು. ಹೇಗೆ ಮತ್ತು ಎಲ್ಲಿ ಎಂಬುದು ಇಲ್ಲಿನ ವಿಚಾರ.

ತಂಪು ಎಂದರೇನು?

ಬಿಳಿಗೆ ಕಪ್ಪು ಬೆರೆಸಿದರೆ ಬೂದು ಎಂಬುದು ಎಲ್ಲರೂ ಬಲ್ಲ ಸಂಗತಿ. ಬಣ್ಣದ ಡಬ್ಬಿಯಲ್ಲಿ ಬಿಳಿಯನ್ನು ಕೊಡುವುದು ಟೈಟಾನಿಯಂ ಡೈಆಕ್ಸೈಡ್, ಕಪ್ಪನ್ನು ಕೊಡುವುದು ಬಹುಮಟ್ಟಿಗೆ ಇಂಗಾಲದ ಮಸಿ ಅಥವಾ ಕಬ್ಬಿಣದ ಕಪ್ಪು ಆಕ್ಸೈಡ್. ಇವೆರಡೇ ಇದ್ದರೆ ಸರಿಸುಮಾರು ತಟಸ್ಥವಾದ ಬೂದು ದೊರೆಯುತ್ತದೆ. ಅಂಗಡಿಯ ಬಣ್ಣ ಬೆರೆಸುವ ಯಂತ್ರವು ಇದಕ್ಕೆ ಕೆಲವೇ ಹನಿ ನೀಲಿಯನ್ನು ಸೇರಿಸಿದರೆ ತಂಪು ಬೂದು, ಹಳದಿ ಅಥವಾ ಕೆಂಪು ಆಕ್ಸೈಡನ್ನು ಸೇರಿಸಿದರೆ ಬೆಚ್ಚನೆಯ ಬೂದು. ಹನಿಗಳ ವ್ಯತ್ಯಾಸ ಅಲ್ಪವಾದುದರಿಂದ ಶೇಡ್ ಕಾರ್ಡಿನ ಎರಡಂಗುಲದ ಚೌಕದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ನಾಲ್ಕು ಗೋಡೆಗಳ ಮೇಲೆ ಹರಡಿದಾಗ ಮಾತ್ರ ನೀಲಿಯೋ ಹಸಿರೋ ನೇರಳೆಯೋ ತಲೆಯೆತ್ತುತ್ತದೆ. ಬೂದು ಎಂದು ಬಳಿಸಿದ್ದು ಆಕಾಶನೀಲಿಯಾಯಿತು ಎಂದು ಮನೆಯವರು ದೂರುವುದು, ಕೋಡ್ ನೋಡಿಯೇ ಹಾಕಿದ್ದು ಎಂದು ಪೇಂಟರ್ ವಾದಿಸುವುದು ಈ ಕಾರಣಕ್ಕೆ. ಇಬ್ಬರ ಮಾತೂ ನಿಜ.

ಇದನ್ನು ಮೊದಲೇ ಪತ್ತೆಹಚ್ಚಲು ಸುಲಭೋಪಾಯವೊಂದಿದೆ. ಕಾರ್ಡಿನ ಚೌಕವನ್ನು ಒಂದು ಶುಭ್ರ ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಬೇರೆ ಎರಡು ಮೂರು ಬೂದುಗಳನ್ನು ಜೋಡಿಸಿ ನೋಡಬೇಕು. ಒಂಟಿಯಾಗಿದ್ದಾಗ ಅಡಗಿಕೊಳ್ಳುವ ಒಳಛಾಯೆ ಸರೀಕರ ನಡುವೆ ಬಯಲಾಗುತ್ತದೆ.

ಕನ್ನಡದಲ್ಲಿ ಈ ಬಣ್ಣದ ಹೆಸರೇ ಬೂದಿಯ ಸಂಬಂಧಿ. ಬೂದುಗುಂಬಳಕ್ಕೆ ಆ ಹೆಸರು ತಂದುಕೊಟ್ಟ ಬಿಳಿಪುಡಿಯ ಲೇಪವೂ, ಒಲೆಯಲ್ಲಿ ತಣ್ಣಗಾದ ಕಟ್ಟಿಗೆಯ ಬೂದಿಯೂ ಕನ್ನಡಿಗರ ಕಣ್ಣಿಗೆ ಪರಿಚಿತವಾದ ಬೂದುಗಳು. ಹಾಸನ ಜಿಲ್ಲೆಯವರಿಗಂತೂ ಬೂದು ಹೊಸತಲ್ಲ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳು ನಿಂತಿರುವುದು ಹಸಿರು ಛಾಯೆಯ ಬೂದು ಬಳಪದ ಕಲ್ಲಿನಲ್ಲಿ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣದಲ್ಲಿ ವಾಸ್ತುಶಿಲ್ಪಿ ಬಿ. ವಿ. ದೋಶಿ ಅವರು ಬಳಸಿದ್ದೂ ಒರಟು ಬೂದು ಕಲ್ಲನ್ನೇ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ದೋಶಿ ಅವರ ಆ ಕಟ್ಟಡದಲ್ಲಿ ಬೂದು ಮಂಕೆನಿಸುವುದಿಲ್ಲ. ಕಾರಣ, ಅಲ್ಲಿ ಮೊಗಸಾಲೆಗಳ ತಲೆಯ ಮೇಲಿಂದ ಆಕಾಶದ ಬೆಳಕು ಇಳಿಯುತ್ತದೆ, ಕಲ್ಲಿನ ಮೈಯ ಒರಟುತನದ ಮೇಲೆ ನೆರಳು ಬೆಳಕುಗಳು ದಿನವಿಡೀ ಚಲಿಸುತ್ತವೆ. ನುಣುಪು ಪುಟ್ಟಿಯ ಮೇಲೆ ಬಳಿದ ಎಮಲ್ಷನ್‌ಗೆ ಈ ಭಾಗ್ಯವಿಲ್ಲ.

ಒಳಾಂಗಣದ ಫ್ಯಾಷನ್ನಾಗಿ ತಂಪು ಬೂದು ಹಬ್ಬಿದ್ದು ಹೊರಗಿನಿಂದ. ಉತ್ತರ ಯೂರೋಪಿನ ಮನೆಗಳ ಮಾದರಿ, ನಂತರ ಅಮೆರಿಕದ ಮಾರುಕಟ್ಟೆ, ಅಲ್ಲಿಂದ ಅಂತರಜಾಲದ ಚಿತ್ರಗಳ ಮೂಲಕ ನಮ್ಮ ಅಪಾರ್ಟ್‌ಮೆಂಟುಗಳು, ಈಗ ತೋಟದ ಮನೆ ಮತ್ತು ಹೋಂಸ್ಟೇಗಳು. ಬಣ್ಣಗಳ ಪ್ರಮಾಣೀಕರಣಕ್ಕೆ ಹೆಸರಾದ ಪ್ಯಾಂಟೋನ್ ಸಂಸ್ಥೆಯು 2021ರ ವರ್ಷದ ಬಣ್ಣಗಳಾಗಿ ಹಳದಿಯೊಂದರ ಜೊತೆಗೆ ಬೂದನ್ನು ಆರಿಸಿತ್ತು. ಫ್ಯಾಷನ್ ಬಂದ ದಾರಿಯಲ್ಲಿಯೇ ಹೋಗುತ್ತದೆ. ಗೋಡೆ ಮಾತ್ರ ಐದಾರು ವರ್ಷ ಹಾಗೆಯೇ ಇರುತ್ತದೆ.

ಬೆಳಕಿನ ಲೆಕ್ಕ

ಪ್ರತಿಯೊಂದು ಬಣ್ಣವೂ ತನ್ನ ಮೇಲೆ ಬಿದ್ದ ಬೆಳಕಿನ ಒಂದು ಪಾಲನ್ನು ಹಿಂದಿರುಗಿಸಿ ಉಳಿದುದನ್ನು ನುಂಗುತ್ತದೆ. ಇದನ್ನು ಸೊನ್ನೆಯಿಂದ ನೂರರವರೆಗಿನ ಅಂಕಿಯಲ್ಲಿ ಸೂಚಿಸುವುದುಂಟು. ಬಣ್ಣದ ಕಂಪನಿಗಳು ಇದನ್ನು ಎಲ್‌ಆರ್‌ವಿ ಎಂದು ಕರೆಯುತ್ತವೆ. ಹೊಸ ಬಿಳಿ ಸುಣ್ಣದ ಗೋಡೆ 80ರ ಆಸುಪಾಸಿನಲ್ಲಿರುತ್ತದೆ. ತಿಳಿ ಬೂದು 60, ನಡುವಣ ಬೂದು 40, ಇದ್ದಿಲು ಬಣ್ಣವೆನ್ನುವ ಗಾಢ ಬೂದು 10ರ ಸಮೀಪ.

ಅಂಕಿ ಎಂಬತ್ತರಿಂದ ನಲವತ್ತಕ್ಕೆ ಇಳಿದರೆ ಆಗುವ ನಷ್ಟವೆಷ್ಟು? ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನೆಲ 144 ಚದರ ಅಡಿ, ಮೇಲಿನ ಮುಚ್ಚಿಗೆ 144 ಚದರ ಅಡಿ, ನಾಲ್ಕು ಗೋಡೆಗಳು ಸೇರಿ 480 ಚದರ ಅಡಿ. ನೆಲಕ್ಕೆ ರೆಡ್ ಆಕ್ಸೈಡ್ ಇದ್ದರೆ ಅದು ಹಿಂದಿರುಗಿಸುವುದು ನೂರಕ್ಕೆ 12ರಷ್ಟು, ಮುಚ್ಚಿಗೆ ಹಳೆಯ ಮರದ್ದಾಗಿದ್ದರೆ 20ರಷ್ಟು ಎಂದಿಟ್ಟುಕೊಳ್ಳಬೇಕು. ಗೋಡೆ ಬಿಳಿಯಾಗಿದ್ದಾಗ ಕೋಣೆಯ ಸರಾಸರಿ 56 ಬರುತ್ತದೆ. ಕಿಟಕಿಯಿಂದ ಬಂದ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಪುಟಿದು ಒಟ್ಟಾರೆ ಸುಮಾರು 2.3 ಪಟ್ಟಾಗುತ್ತದೆ. ಅದೇ ಗೋಡೆಗೆ ನಡುವಣ ಬೂದು ಬಳಿದರೆ ಸರಾಸರಿ 31ಕ್ಕೆ ಕುಸಿದು, ಬೆಳಕು ಸುಮಾರು 1.45 ಪಟ್ಟಿನಲ್ಲಿಯೇ ನಿಲ್ಲುತ್ತದೆ. ಅಂದರೆ ಮೂರನೆಯ ಒಂದು ಪಾಲಿಗೂ ಹೆಚ್ಚಿನ ಬೆಳಕು ಗೋಡೆಯ ಪಾಲು. ಇದ್ದಿಲು ಬಣ್ಣವಾದರೆ ಬೆಳಕು ಒಮ್ಮೆ ಬಿದ್ದುದು ಮತ್ತೆ ಏಳುವುದೇ ಇಲ್ಲವೆನ್ನಬೇಕು.

ಇದು ಕಿಟಕಿಯ ಜಾಗವನ್ನು ಕಳೆಯದ, ಸ್ಥೂಲವಾದ ಲೆಕ್ಕ. ಆದರೂ ಅದರಿಂದ ಒಂದು ಉಪಯುಕ್ತ ಸಂಗತಿ ಹೊರಡುತ್ತದೆ. ಅದೇ ಕೋಣೆಯ ಮುಚ್ಚಿಗೆ ಬಿಳಿಯಾಗಿದ್ದು ಗೋಡೆಗೆ 60ರ ತಿಳಿ ಬೂದನ್ನು ಬಳಿದರೆ ಸರಾಸರಿ ಮತ್ತೆ ಸುಮಾರು 55ಕ್ಕೆ ಬಂದು ನಿಲ್ಲುತ್ತದೆ. ಮರದ ಮುಚ್ಚಿಗೆಯ ಕೆಳಗೆ ಬಿಳಿ ಗೋಡೆ ಕೊಡುವಷ್ಟೇ ಬೆಳಕನ್ನು ಹೆಚ್ಚುಕಡಿಮೆ ಬಿಳಿ ತಾರಸಿಯ ಕೆಳಗೆ ತಿಳಿ ಬೂದು ಗೋಡೆ ಕೊಡುತ್ತದೆ. ಹೊಸ ಆರ್‌ಸಿಸಿ ಮನೆಗಳಲ್ಲಿ ಬೂದು ಸಹ್ಯವಾಗುವುದೂ, ಹಲಸಿನ ಮರದ ಮುಚ್ಚಿಗೆಯ ಹಳೆಯ ಮನೆಯಲ್ಲಿ ಅದೇ ಬೂದು ಗವಿಯಂತೆ ಕಾಣುವುದೂ ಈ ಕಾರಣದಿಂದ. ಹಳೆಯ ಮನೆಯವರು ಬೂದಿಗಾಗಿ ಮುಚ್ಚಿಗೆಯ ಮರಕ್ಕೆ ಬಿಳಿ ಬಣ್ಣ ಬಳಿಯಬೇಕೆಂದು ಇದರ ಅರ್ಥವಲ್ಲ. ಅಂಥ ಮರ ಇನ್ನು ದೊರೆಯುವುದಿಲ್ಲ. ಬಿಟ್ಟುಕೊಡಬೇಕಾದುದು ಬೂದನ್ನೇ.

ಮಳೆಗಾಲದ ಹಗಲಿಗೆ ಈ ಲೆಕ್ಕವನ್ನು ಅನ್ವಯಿಸಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ನಡುಹಗಲ ನೇರ ಬಿಸಿಲಿನ ಪ್ರಮಾಣ ಸುಮಾರು 1,00,000 ಲಕ್ಸ್. ದಟ್ಟ ಮೋಡ ಕವಿದ ಹಗಲಿನಲ್ಲಿ ಅದು ಕೆಲವೇ ಸಾವಿರಕ್ಕೆ ಇಳಿಯುತ್ತದೆ. ಅಗಲವಾದ ಸೂರು, ಮುಂದೆ ಜಗಲಿ, ಚಿಕ್ಕ ಕಿಟಕಿಗಳಿರುವ ಕೋಣೆಯೊಳಗೆ ಹೊರಗಿನ ಬೆಳಕಿನ ನೂರರಲ್ಲಿ ಒಂದು ಪಾಲು ತಲುಪಿದರೆ ಅದೇ ಹೆಚ್ಚು. ಹೊರಗೆ 5,000 ಲಕ್ಸ್ ಇದ್ದರೆ ಒಳಗೆ 50. ಪತ್ರಿಕೆ ಓದಲು ಆರಾಮವೆನಿಸಬೇಕಾದರೆ ಇದರ ಐದಾರು ಪಟ್ಟು ಬೆಳಕು ಬೇಕು. ಇಂಥ ಕೋಣೆಯಲ್ಲಿ ಮೂರನೆಯ ಒಂದು ಪಾಲನ್ನು ಗೋಡೆಗೆ ಬಿಟ್ಟುಕೊಡುವುದು ದುಬಾರಿಯ ಅಲಂಕಾರ.

ಅದರಲ್ಲಿಯೂ ಆ ಮನೆಯಲ್ಲಿರುವವರು ವಯಸ್ಸಾದವರಾಗಿದ್ದರೆ? ಅರವತ್ತು ದಾಟಿದವರ ಕಣ್ಣಿನೊಳಗೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು ಎಂದು ನೇತ್ರತಜ್ಞರು ಅಂದಾಜಿಸುತ್ತಾರೆ. ಕಣ್ಣಿನ ಪಾಪೆ ಕಿರಿದಾಗುವುದು ಒಂದು ಕಾರಣ, ಮಸೂರವು ಹಳದಿಗಟ್ಟುವುದು ಇನ್ನೊಂದು. ಹಳದಿಗಟ್ಟಿದ ಮಸೂರ ಮೊದಲು ತಡೆಯುವುದೇ ನೀಲಿ ಬೆಳಕನ್ನು. ಮಗನ ಕಣ್ಣಿಗೆ ಮೋಹಕವಾದ ನೀಲಿಬೂದು ತಾಯಿಯ ಕಣ್ಣಿಗೆ ಬರಿಯ ಮಂಕುಗೋಡೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಮೆಟ್ಟಿಲು, ಹೊಸ್ತಿಲು, ಬಚ್ಚಲಿನ ದಾರಿಗಳಲ್ಲಿ ನೆಲಕ್ಕೂ ಗೋಡೆಗೂ ಒಂದೇ ಬೂದು ಹರಡಿದರೆ ಅಂಚು ಎಲ್ಲಿ ಎಂಬುದೇ ತಿಳಿಯದೆ ಕಾಲು ಜಾರುವ ಅಪಾಯವೂ ಇದೆ. ಹಿಂದಿನವರು ಗೋಡೆಯ ಬುಡಕ್ಕೆ ಎಳೆಯುತ್ತಿದ್ದ ಕೆಮ್ಮಣ್ಣಿನ ಪಟ್ಟಿ ಕೇವಲ ಚೆಂದಕ್ಕಾಗಿರಲಿಲ್ಲ.

ಕೆಂಪು ನೆಲ, ಹಸಿರು ಕಿಟಕಿ

ಬಣ್ಣವು ಒಂಟಿಯಾಗಿ ಕಾಣುವುದಿಲ್ಲ, ನೆರೆಯ ಬಣ್ಣದೊಂದಿಗೆ ಕಾಣುತ್ತದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ ಈ ಸಂಗತಿಯನ್ನು 1839ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದ. ಕಪ್ಪು ನೂಲಿನ ಬಣ್ಣ ಸರಿಯಿಲ್ಲವೆಂಬ ದೂರಿನ ಬೆನ್ನು ಹತ್ತಿ ಹೋದಾಗ, ದೋಷವಿದ್ದುದು ನೂಲಿನಲ್ಲಲ್ಲ, ಅದರ ಪಕ್ಕದ ನೂಲಿನಲ್ಲಿ ಎಂದು ಅವನು ಕಂಡುಕೊಂಡಿದ್ದ. ಬೂದಿನಂಥ ದುರ್ಬಲ ಬಣ್ಣ ಪಕ್ಕದ ಬಲವಾದ ಬಣ್ಣದ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಕೆಂಪಿನ ಪಕ್ಕದಲ್ಲಿ ಅದು ಹಸಿರುನೀಲಿಯಾಗಿ, ಕಿತ್ತಳೆ ಛಾಯೆಯ ಮರದ ಪಕ್ಕದಲ್ಲಿ ಇನ್ನಷ್ಟು ನೀಲಿಯಾಗಿ ಕಾಣುತ್ತದೆ.

ಮಲೆನಾಡಿನ ಹಳೆಯ ಮನೆಯ ಒಳಗಿರುವುದೇ ರೆಡ್ ಆಕ್ಸೈಡ್ ನೆಲ ಮತ್ತು ಹೊಂಬಣ್ಣದ ಮರ. ಕಾರ್ಡಿನಲ್ಲಿ ಹದವಾಗಿ ಕಂಡ ತಂಪು ಬೂದು ಇವುಗಳ ನಡುವೆ ಮತ್ತೊಂದು ಪಟ್ಟು ತಣ್ಣಗಾಗುತ್ತದೆ. ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿದ ಬೆಂಗಳೂರಿನ ಫ್ಲಾಟಿನಲ್ಲಿ ಈ ತೊಂದರೆಯಿಲ್ಲ. ಚಿತ್ರ ಬಂದಿದ್ದು ಅಂಥ ಫ್ಲಾಟಿನಿಂದ ಎಂಬುದನ್ನು ನೆನಪಿಡಬೇಕು. ಕೆಂಪು ನೆಲವುಳ್ಳವರು ಬೂದನ್ನೇ ಬಯಸಿದರೆ ಕಾರ್ಡಿನಲ್ಲಿ ಬೆಚ್ಚಗೆ ಕಾಣುವ ಬೂದನ್ನು ಆರಿಸುವುದು ಲೇಸು. ನೆಲವೇ ಅದನ್ನು ಬೇಕಾದಷ್ಟು ತಂಪಾಗಿಸಿಕೊಳ್ಳುತ್ತದೆ.

ಇನ್ನು ಕಿಟಕಿಯ ಹೊರಗಿನ ಹಸಿರು. ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಕಾಫಿ ಗಿಡಗಳ ಮೇಲೆ ಬಿದ್ದು ಒಳಬರುವ ಬೆಳಕು ಬಿಳಿಯ ಬೆಳಕಲ್ಲ, ಅದರಲ್ಲಿ ಎಲೆಯ ಹಸಿರು ಬೆರೆತಿರುತ್ತದೆ. ಬಿಳಿ ಗೋಡೆಯಲ್ಲಿ ಇದು ಅಷ್ಟಾಗಿ ಗೋಚರಿಸದು. ನೀಲಿ ಛಾಯೆಯ ಬೂದು ಗೋಡೆಯಲ್ಲಿ ಅದು ಪಾಚಿಯ ನೆನಪು ತರುವ ಹಸಿರಾಗಿ ನಿಲ್ಲುತ್ತದೆ. ಮೋಡದ ಬೆಳಕಿಗೂ ತನ್ನದೇ ಆದ ನೀಲಿಯಿದೆ. ಬೆಳಕಿನ ವರ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ ಹಳೆಯ ತಂತಿಬಲ್ಬು 2,700ರಷ್ಟಿದ್ದರೆ ಮೋಡ ಕವಿದ ಆಕಾಶ 6,500ರಿಂದ 7,500ರವರೆಗೆ ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿ.

ಒಳಾಂಗಣ ವಿನ್ಯಾಸದ ಪುಸ್ತಕಗಳಲ್ಲಿ ಉತ್ತರದ ಕೋಣೆಗೆ ತಂಪು ಬಣ್ಣ ಸಲ್ಲದು, ದಕ್ಷಿಣದ ಕೋಣೆಗೆ ಸಲ್ಲುತ್ತದೆ ಎಂಬ ಸೂತ್ರವಿದೆ. ಇದು ಇಂಗ್ಲೆಂಡ್, ಅಮೆರಿಕದವರ ಸೂತ್ರ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ. ಉತ್ತರ ಅಕ್ಷಾಂಶ 12-13 ಡಿಗ್ರಿಯ ನಡುವಿರುವ ಸಕಲೇಶಪುರದ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲು ಬರಬೇಕಾದ ಕಾಲವದು. ದುರದೃಷ್ಟಕ್ಕೆ ಅದೇ ಇಲ್ಲಿ ಮಳೆಯ ಕಾಲ. ಆದುದರಿಂದ ಮಲೆನಾಡಿನಲ್ಲಿ ದಿಕ್ಕಿಗಿಂತ ತೆರಪು ಮುಖ್ಯ. ಕಿಟಕಿಯ ಮುಂದೆ ಕಾಫಿ ಕಣದಂಥ ಬಯಲಿದ್ದರೆ ಆ ಕೋಣೆ ಬೂದನ್ನು ತಾಳಿಕೊಳ್ಳುತ್ತದೆ, ಮರಗಳಿದ್ದರೆ ಇಲ್ಲ.

ಬಯಲುಸೀಮೆಯ ಓದುಗರಿಗೆ ಈ ಎಚ್ಚರಿಕೆಗಳೆಲ್ಲ ತಿರುವುಮುರುವಾಗಿ ಅನ್ವಯಿಸುತ್ತವೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಬೆಳಕಿನ ಕೊರತೆಯೆಂಬುದಿಲ್ಲ, ಕಣ್ಣು ಕೋರೈಸುವ ಬಿಸಿಲೇ ಸಮಸ್ಯೆ. ಅಲ್ಲಿ ತಂಪು ಬೂದು ಕಣ್ಣಿಗೆ ವಿಶ್ರಾಂತಿ ಕೊಡುತ್ತದೆ. ಶಹಾಬಾದ್ ಕಲ್ಲಿನ ನೀಲಿಬೂದು ನೆಲದ ಮೇಲೆ ಮಧ್ಯಾಹ್ನ ಚಾಪೆ ಹಾಸಿ ಮಲಗಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಜ್ಜಿಯ ನೀಲಿ

ತಂಪು ಬೂದು ಮಲೆನಾಡಿಗೆ ಪರಕೀಯವೆಂದು ಭಾವಿಸುವವರು ಸುಣ್ಣದ ಬಕೆಟ್ಟಿಗೆ ಬೀಳುತ್ತಿದ್ದ ನೀಲಿಯ ಪುಡಿಯನ್ನು ಮರೆತಿರುತ್ತಾರೆ. ಬಟ್ಟೆಗೆ ಹಾಕುವ ಅದೇ ನೀಲಿ. 1828ರಲ್ಲಿ ಫ್ರಾನ್ಸಿನಲ್ಲಿ ಕೃತಕವಾಗಿ ತಯಾರಿಸುವ ವಿಧಾನ ಸಿದ್ಧಿಸಿದ ಅಲ್ಟ್ರಾಮರೀನ್ ಎಂಬ ವರ್ಣದ್ರವ್ಯವೇ ಅದರ ಜೀವಾಳ. ಸುಣ್ಣಕ್ಕೆ ಸಹಜವಾಗಿರುವ ಸಣ್ಣ ಹಳದಿಯನ್ನು ನೀಲಿಯು ನುಂಗುತ್ತದೆ. ಗೋಡೆ ಹಿಂದಿರುಗಿಸುವ ಒಟ್ಟು ಬೆಳಕು ಇದರಿಂದ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಆದರೂ ಕಣ್ಣಿಗೆ ಗೋಡೆ ಹೆಚ್ಚು ಬಿಳಿಯಾಗಿ ತೋರುತ್ತದೆ. ಶಾಸ್ತ್ರೀಯವಾಗಿ ನೋಡಿದರೆ ಅದು ಅತ್ಯಂತ ತಿಳಿಯಾದ ತಂಪು ಬೂದು. ಹೆಸರು ಮಾತ್ರ ಬಿಳಿ ಸುಣ್ಣ.

ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರೆ ಸುಣ್ಣದಲ್ಲಿಯೇ ಬೂದು ದೊರೆಯುತ್ತದೆ. ಎಲ್ಲ ಬಣ್ಣಗಳೂ ಸುಣ್ಣದ ಪ್ರಬಲ ಕ್ಷಾರವನ್ನು ತಾಳುವುದಿಲ್ಲ. ಕಬ್ಬಿಣದ ಆಕ್ಸೈಡುಗಳು, ಇಂಗಾಲದ ಮಸಿ ಹಾಗೂ ಅಲ್ಟ್ರಾಮರೀನ್ ತಾಳುತ್ತವೆ. ನೆಲಕ್ಕೆ ಬಳಸುವ ಬ್ಲ್ಯಾಕ್ ಆಕ್ಸೈಡ್ ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಬಟ್ಟೆಯಲ್ಲಿ ಸೋಸಿ, ಸೋಸಿದ ಸುಣ್ಣದ ತಿಳಿಗೆ ಸೇರಿಸಿ, ಜೊತೆಗೆ ಚಿಟಿಕೆ ನೀಲಿ ಹಾಕಿದರೆ ಆಯಿತು. ದೀಪದ ಮಸಿ ನೀರಿನಲ್ಲಿ ಬೇಗ ಬೆರೆಯದೆ ಮೇಲೆ ತೇಲುವುದರಿಂದ ಆಕ್ಸೈಡೇ ಅನುಕೂಲ. ಪುಡಿಯ ತೂಕ ಸುಣ್ಣದ ತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು, ಮೀರಿದರೆ ಕೈಗೆ ಅಂಟುತ್ತದೆ. ತಿಳಿ ಬೂದಿಗೆ ಇದಕ್ಕಿಂತ ಎಷ್ಟೋ ಕಡಿಮೆ ಸಾಕು. ಹಸಿಯಾಗಿದ್ದಾಗ ಗಾಢವಾಗಿ ಕಂಡು ಗಾಬರಿ ಹುಟ್ಟಿಸುವ ಈ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಕೋಟುಗಳು ಮೇಲು. ಸುಣ್ಣದ ಗೋಡೆಯಲ್ಲಿ ಬಣ್ಣ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ, ಅಲ್ಲಲ್ಲಿ ಮೋಡದಂಥ ಏರಿಳಿತ ಉಳಿಯುತ್ತದೆ. ಬೂದಿನ ಮಂಕನ್ನು ಕಳೆಯುವುದೂ ಇದೇ ಏರಿಳಿತ.

ಗೋಡೆಯ ಉಸಿರು

ಬಣ್ಣದ ಆಯ್ಕೆಗಿಂತಲೂ ಹೆಚ್ಚಿನ ಹಾನಿ ಸಂಭವಿಸುತ್ತಿರುವುದು ಬಣ್ಣದ ಬಗೆಯಿಂದ. ಬೂದು ಬೇಕೆಂದರೆ ಅಂಗಡಿಯಲ್ಲಿ ದೊರೆಯುವುದು ಎಮಲ್ಷನ್. ಅದರಡಿಗೆ ಪುಟ್ಟಿ, ಪ್ರೈಮರ್. ಸಿಮೆಂಟ್ ಗೋಡೆಗೆ ಇದು ಸರಿ. ಮಣ್ಣಿನ ಗೋಡೆಗೆ, ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಇಟ್ಟಿಗೆ ಗೋಡೆಗೆ ಸರಿಯಲ್ಲ. ಇಂಥ ಗೋಡೆಗಳು ಮಳೆಗಾಲದಲ್ಲಿ ನೆಲದಿಂದ ನೀರನ್ನು ಹೀರಿ, ಮುಂದೆ ಮೈಯೆಲ್ಲದರಿಂದ ಆವಿಯಾಗಿ ಬಿಟ್ಟು ಒಣಗುತ್ತವೆ. ಸುಣ್ಣವು ಆವಿಗೆ ದಾರಿ ಬಿಡುತ್ತದೆ. ಎಮಲ್ಷನ್ನಿನ ಪದರ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ತಡೆದ ನೀರು ಗೋಡೆಯ ಲವಣಗಳೊಂದಿಗೆ ಪದರದ ಹಿಂದೆ ಸೇರಿ ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಎರಡನೆಯ ಮಳೆಗಾಲಕ್ಕೆ ಗೋಡೆಯ ಬುಡದ ಬಣ್ಣ ಚಕ್ಕೆಯಾಗಿ ಉದುರುವುದನ್ನು ಕಂಡವರು ಬಣ್ಣದ ಕಂಪನಿಯನ್ನು ಬೈಯುತ್ತಾರೆ. ತಪ್ಪು ಗೋಡೆಯದೂ ಅಲ್ಲ, ಬಣ್ಣದ್ದೂ ಅಲ್ಲ, ಜೋಡಿಯದು.

ಹೊಸ ಸಿಮೆಂಟ್ ಗಿಲಾವಿಗೂ ಆತುರ ಸಲ್ಲದು. ಕನಿಷ್ಠ 28 ದಿನ ಬಿಡಬೇಕೆಂಬ ಸಾಮಾನ್ಯ ನಿಯಮವು ಬಿಸಿಲಿನ ದಿನಗಳಿಗೆ ಹೇಳಿದ್ದು. ಮಳೆ ಹಿಡಿದಾಗ ಮಾಡಿದ ಗಿಲಾವು ಒಣಗಲು ಜನವರಿಯವರೆಗೆ ಕಾಯುವುದೇ ಕ್ಷೇಮ.

ಮಲೆನಾಡಿನವರು ಬೂಸಲು, ಬೂಷ್ಟು ಎಂದು ಕರೆಯುವ ಶಿಲೀಂಧ್ರದ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಇದೆ. ಗೋಡೆಯ ಮೈಯಲ್ಲಿ ತೇವಾಂಶ ಶೇಕಡಾ 80ರ ಮೇಲೆ ಹಲವು ದಿನ ನಿಂತರೆ ಬೂಸಲು ಹುಟ್ಟುತ್ತದೆ. ಸುಣ್ಣದ ಕ್ಷಾರ ಹೊಸದಿರುವಾಗ ಅದನ್ನು ತಡೆಯುತ್ತದೆ, ವರ್ಷ ವರ್ಷ ಸುಣ್ಣ ಬಳಿಯುತ್ತಿದ್ದ ಪದ್ಧತಿಯ ಹಿಂದಿನ ವಿವೇಕ ಇದು. ಬೂಸಲು ನಿರೋಧಕ ಎಮಲ್ಷನ್ನುಗಳೂ ಬಂದಿವೆ, ಅವುಗಳಲ್ಲಿನ ಔಷಧದ ಶಕ್ತಿ ಕೆಲವು ವರ್ಷಗಳಲ್ಲಿ ಕುಂದುತ್ತದೆ. ಬಿಳಿ ಗೋಡೆಯಲ್ಲಿ ಬೂಸಲಿನ ಮೊದಲ ಚುಕ್ಕೆ ಮರುದಿನವೇ ಕಾಣುತ್ತದೆ. ಬೂದು ಗೋಡೆಯಲ್ಲಿ ಅದು ಅಂಗೈಯಗಲವಾಗುವವರೆಗೆ ಕಾಣದಿರಬಹುದು. ಕೊಳೆ ಕಾಣದೆಂದು ಬೂದನ್ನು ಮೆಚ್ಚುವವರು ಇದನ್ನು ಯೋಚಿಸಬೇಕು. ಒದ್ದೆ ಮತ್ತು ಬೂಸಲು ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ ಹಾಗೂ ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಕ್ಕಳ ಹಾಗೂ ಉಬ್ಬಸವಿರುವ ಹಿರಿಯರ ಮಲಗುವ ಕೋಣೆಗೆ ಬಿಳಿಯೇ ಇರಲಿ ಎನ್ನಲು ಈ ಒಂದು ಕಾರಣ ಸಾಕು. ಒಂದೇ ಚಿಕ್ಕ ಕಿಟಕಿಯಿರುವ ತೋಟದ ಲೈನ್ ಮನೆಗಳ ವಿಷಯದಲ್ಲಂತೂ ಎರಡು ಮಾತಿಲ್ಲ. ದೊಡ್ಡ ಮನೆಯಲ್ಲಿ ಮಿಕ್ಕ ಬೂದು ಬಣ್ಣವನ್ನು ಅಲ್ಲಿಗೆ ಬಳಿಯುವುದು ಉಳಿತಾಯವಲ್ಲ.

ಬೂಸಲು ಬಂದ ಗೋಡೆಯನ್ನು ಒಣ ಪೊರಕೆಯಿಂದ ಗುಡಿಸಬಾರದು, ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹಂಚಿನ ಸೋರಿಕೆ, ದೋಣಿಯ ಒಡಕು, ಗೋಡೆಗೆ ತಾಗಿಸಿಟ್ಟ ಬೀರು ಇವುಗಳನ್ನು ಸರಿಪಡಿಸದೆ ಮೇಲೆ ಯಾವ ಬಣ್ಣ ಬಳಿದರೂ ವ್ಯರ್ಥ.

ಹಳೆಯ ಎಣ್ಣೆಬಣ್ಣವನ್ನು ಉಜ್ಜುವಾಗ ಇನ್ನೊಂದು ಜಾಗ್ರತೆ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಹೊರಡಿಸಿತು. ಅದು ಜಾರಿಗೆ ಬಂದುದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಾಗಿಲು ಕಿಟಕಿಗಳಿಗೆ ಬಳಿದ ಎನಾಮೆಲ್‌ನಲ್ಲಿ ಸೀಸವಿರುವ ಸಾಧ್ಯತೆಯುಂಟು. ಅದನ್ನು ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸದೆ, ನೀರು ಹಾಕಿ ಉಜ್ಜಿಸಿ, ಕೆಲಸ ಮುಗಿದು ನೆಲ ಒರೆಸುವವರೆಗೆ ಚಿಕ್ಕ ಮಕ್ಕಳನ್ನು ದೂರವಿರಿಸಬೇಕು.

ದೀಪ ಮತ್ತು ಪರೀಕ್ಷೆ

ಮಳೆಗಾಲದಲ್ಲಿ ಹಗಲಿಗೂ ದೀಪ ಬೇಕು. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 6,500 ಕೆಲ್ವಿನ್ ಎಂದಿದ್ದರೆ ಅದು ಮೋಡದ ಬೆಳಕಿನದೇ ನೀಲಿ. ತಂಪು ಬೂದು ಗೋಡೆಗೆ ಅದನ್ನು ಹಾಕಿದರೆ ಕೋಣೆ ಆಸ್ಪತ್ರೆಯಂತಾಗುತ್ತದೆ. 3,000 ಕೆಲ್ವಿನ್‌ನ ಬಲ್ಬು ಹಾಕಿದರೆ ಅದೇ ಗೋಡೆ ಸಂಜೆಗೆ ಮೃದುವಾಗುತ್ತದೆ, ಕೆಂಪು ನೆಲಕ್ಕೂ ಜೀವ ಬರುತ್ತದೆ. ಕರೆಂಟ್ ಹೋದ ಮುಸ್ಸಂಜೆಯಲ್ಲಿ ಬೇರೊಂದು ಆಟ ನಡೆಯುತ್ತದೆ. ಬೆಳಕು ತೀರ ಕಡಿಮೆಯಾದಾಗ ಕಣ್ಣು ಕೆಂಪನ್ನು ಕಪ್ಪಾಗಿಯೂ ನೀಲಿಯನ್ನು ತುಸು ಹೊಳೆಯುವಂತೆಯೂ ಕಾಣುತ್ತದೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ 1819ರ ಸುಮಾರಿಗೆ ಗುರುತಿಸಿದ ಈ ಪರಿಣಾಮದಿಂದಾಗಿ ರೆಡ್ ಆಕ್ಸೈಡ್ ನೆಲ ಕತ್ತಲಲ್ಲಿ ಮಾಯವಾಗಿ ಗೋಡೆ ಮಾತ್ರ ಉಳಿಯುತ್ತದೆ. ಹೊಸ್ತಿಲಿನ ಮೇಲೆ ರಂಗೋಲಿಯ ಬಿಳಿ ಗೆರೆಯಿದ್ದರೆ ಆಗ ಅದೇ ದಾರಿದೀಪ.

ಆಯ್ಕೆಗೆ ಮುನ್ನ ಪರೀಕ್ಷೆ ಹೀಗೆ ನಡೆಯಬೇಕು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗಾಗಲಿ, ತನ್ನಷ್ಟಕ್ಕೆ ಬಣ್ಣ ತಿದ್ದಿಕೊಳ್ಳುವ ಮೊಬೈಲ್ ಕ್ಯಾಮೆರಾದಲ್ಲಾಗಲಿ ಬಣ್ಣವನ್ನು ನಿರ್ಧರಿಸಬಾರದು. ಒಂದು ಲೀಟರ್ ಡಬ್ಬಿ ತಂದು, ಮೂರಡಿ ಚೌಕದ ಪ್ಲೈವುಡ್ ಹಲಗೆಗೆ ಎರಡು ಕೋಟು ಬಳಿದು, ಅಂಚಿಗೆ ಎರಡಂಗುಲ ಬಿಳಿ ಬಿಡಬೇಕು. ಹಳೆಯ ಗೋಡೆಯ ಬಣ್ಣ ಹೊಸ ಬಣ್ಣದ ಮೇಲೆ ಪ್ರಭಾವ ಬೀರದಿರಲು ಈ ಬಿಳಿ ಅಂಚು. ಹಲಗೆಯನ್ನು ಕಿಟಕಿಯ ಎದುರು ಗೋಡೆಗೂ, ಕಿಟಕಿಯಿರುವ ಗೋಡೆಗೂ ಒರಗಿಸಿ ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಲೆನಾಡಿನಲ್ಲಿ ಈ ಹಲಗೆಯನ್ನು ನೋಡಬೇಕಾದುದು ಜುಲೈ ತಿಂಗಳಲ್ಲಿ. ಬಣ್ಣ ಬಳಿಯುವುದು ಮುಂದಿನ ಫೆಬ್ರುವರಿಯಲ್ಲಿ. ಫೆಬ್ರುವರಿಯ ಬಿಸಿಲಿನಲ್ಲಿ ಆರಿಸಿದ ಬಣ್ಣ ಫೆಬ್ರುವರಿಗೆ ಮಾತ್ರ ಒಪ್ಪುತ್ತದೆ.

ಹೋಂಸ್ಟೇ ನಡೆಸುವವರ ಲೆಕ್ಕ ತುಸು ಬೇರೆ. ಎರಡು ರಾತ್ರಿ ತಂಗಿ ಹೋಗುವ ಅತಿಥಿಗೆ ಮಂಜಿನೊಂದಿಗೆ ಬೂದು ಗೋಡೆಯೂ ಹಿತವೆನಿಸಬಹುದು. ಅವರ ಕೋಣೆಗಳಲ್ಲಿ ಒಂದು ಗೋಡೆಗೆ ಗಾಢ ಬೂದು, ಉಳಿದ ಮೂರಕ್ಕೆ ಬಿಳಿ ಎಂಬ ಹಂಚಿಕೆ ಬೆಳಕನ್ನು ಹೆಚ್ಚು ಕಳೆಯುವುದಿಲ್ಲ. ಗಾಢ ಗೋಡೆ ಕಿಟಕಿಯಿರುವ ಗೋಡೆಯೇ ಆಗಿದ್ದರೆ ನಷ್ಟ ಇನ್ನೂ ಕಡಿಮೆ, ಏಕೆಂದರೆ ಆಕಾಶದ ಬೆಳಕು ನೇರವಾಗಿ ಬೀಳುವುದು ಉಳಿದ ಗೋಡೆಗಳ ಮೇಲೆ. ಆದರೆ ಪ್ರಕಾಶಮಾನವಾದ ಕಿಟಕಿಯ ಸುತ್ತ ಗಾಢ ಬಣ್ಣವಿದ್ದರೆ ಕಣ್ಣಿಗೆ ಆಯಾಸವಾಗುವುದುಂಟು. ಪಕ್ಕದ ಗೋಡೆಯನ್ನು ಆರಿಸುವುದು ಮಧ್ಯಮಾರ್ಗ.

ಬಣ್ಣ ಬೆರೆಸಿದ ಡಬ್ಬಿಯ ಮೇಲಿನ ಚೀಟಿಯಲ್ಲಿ ಶೇಡ್ ಕೋಡ್, ತಯಾರಿಕೆಯ ಬ್ಯಾಚ್ ಸಂಖ್ಯೆ ಇರುತ್ತವೆ. ಅದನ್ನು ಬರೆದಿಟ್ಟುಕೊಂಡು, ಅರ್ಧ ಲೀಟರ್ ಬಣ್ಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಉಳಿಸಿಕೊಳ್ಳಬೇಕು. ಬೂದಿನಲ್ಲಿ ಒಂದು ಹನಿಯ ವ್ಯತ್ಯಾಸವೂ ತೇಪೆಯಾಗಿ ಕಾಣುವುದರಿಂದ, ಗೋಡೆ ತಿದ್ದುವಾಗ ಹೊಸದಾಗಿ ಬೆರೆಸಿದ ಬಣ್ಣ ಹಳೆಯದಕ್ಕೆ ಕೂಡುವುದು ಅಪರೂಪ.